ಊರಿಗೆ ಬಂದವಳು ನೀರಿಗೆ ಬಾರದಿರುವಳೆ?

ಈ ಗಾದೆಯನ್ನು ಮೊದಲು ಆಡಿದವರು ಯಾರೇ ಇರಲಿ, ಬಾವಿಕಟ್ಟೆಯ ಮೇಲೆ ನಿಂತು ಆಡಿರಬೇಕು. ಊರಿಗೆ ಹೊಸ ಸೊಸೆ ಬಂದಿದ್ದಾಳೆ. ಹೇಗಿದ್ದಾಳೆ, ಎಷ್ಟು ಎತ್ತರ, ಮಾತು ಮೆದುವೋ ಗಡಸೋ, ತಿಳಿಯುವ ಆತುರ ಎಲ್ಲರಿಗೂ ಇದೆ. ಹಾಗೆಂದು ಕಂಡವರ ಮನೆಗೆ ನುಗ್ಗಿ ನೋಡಿ ಬರುವುದು ಮರ್ಯಾದೆಯಲ್ಲ. ಆಗ ವಯಸ್ಸಾದ ಹೆಂಗಸೊಬ್ಬಳು ಹಗ್ಗ ಸೇದುತ್ತಲೇ ಹೇಳುತ್ತಾಳೆ: ಯಾಕೆ ಅವಸರ, ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಇವತ್ತಲ್ಲ ನಾಳೆ ಕೊಡ ಹಿಡಿದು ಬಂದೇ ಬರುತ್ತಾಳೆ.

ಈಗ ಈ ಮಾತು ಬೇರೆ ಬೇರೆ ಬಾಯಿಗಳಲ್ಲಿ ತಿರುಗುತ್ತಿದೆ. ಪಕ್ಷ ಬಿಟ್ಟು ಹೋದವನ ಬಗ್ಗೆ, ಸಾಲ ತೀರಿಸದೆ ತಲೆ ತಪ್ಪಿಸಿಕೊಂಡವನ ಬಗ್ಗೆ ಆಡುವಾಗ ಅದರಲ್ಲಿ ಒಂದು ಬೆದರಿಕೆಯೂ ಸೇರಿರುತ್ತದೆ. ನನ್ನ ಕಿವಿಗೆ ಮಾತ್ರ ಇದು ಕಾಯುವವರ ಮಾತು. ಹುಡುಕಿಕೊಂಡು ಹೋಗಬೇಕಿಲ್ಲ, ಸಿಗಬೇಕಾದವರು ಸಿಗುತ್ತಾರೆ ಎಂಬ ನೆಮ್ಮದಿ ಅದರಲ್ಲಿದೆ. ವಯಸ್ಸಾದ ಅಪ್ಪ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊಸದುರ್ಗ ಸೀಮೆಯ ನಮ್ಮ ಹಳ್ಳಿಗೆ ಹೋಗಿ ಬಂದಮೇಲೆ, ಆ ನೆಮ್ಮದಿಯನ್ನು ಇಷ್ಟು ಕಾಲ ಎತ್ತಿ ಹಿಡಿದಿದ್ದು ಏನು ಎಂದು ಯೋಚಿಸುತ್ತಿದ್ದೇನೆ.

ಗಾದೆಯನ್ನು ಆ ದಿನ ಆಡಿದವರು ಅಪ್ಪ. ನೆಲಮಂಗಲ ದಾಟುತ್ತಿದ್ದ ಹಾಗೆ ಅಮ್ಮ ತನ್ನ ಗೆಳತಿಯ ಮಾತೆತ್ತಿದಳು. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. "ಇಳಿದ ತಕ್ಷಣ ಮೊದಲು ಅವಳ ಮನೆಗೆ ಹೋಗಬೇಕು" ಎಂದಳು. ಅಪ್ಪ ಮುಂದಿನ ಸೀಟಿನಿಂದಲೇ, "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳೇನೇ? ನೀನು ಬಂದಿದ್ದೀಯ ಅಂತ ಗೊತ್ತಾದರೆ ತಾನೇ ಬರ್ತಾಳೆ, ಸುಮ್ನಿರು" ಎಂದರು. ಅವರ ಲೆಕ್ಕದಲ್ಲಿ ಊರು ಇನ್ನೂ ಅವರು ಬಿಟ್ಟು ಬಂದ ಹಾಗೆಯೇ ಇತ್ತು.

ಗಾದೆಯ ತರ್ಕ ನಿಂತಿರುವುದು ಒಂದೇ ಆಧಾರದ ಮೇಲೆ. ನೀರಿಲ್ಲದೆ ಯಾರಿಗೂ ನಡೆಯದು, ಆದ್ದರಿಂದ ಎಲ್ಲರೂ ನೀರಿಗೆ ಬರಲೇಬೇಕು. ಈ ಆಧಾರ ಮೊದಲು ಅಲುಗಿದ್ದು ಹೆದ್ದಾರಿಯಲ್ಲೇ. ಹಿಂದಿನ ರಾತ್ರಿಯಿಂದಲೇ ಅಮ್ಮ ನೀರು ಕುಡಿಯುವುದನ್ನು ಬಿಟ್ಟಿದ್ದಳು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ ಇಡ್ಲಿ ತಿಂದಳು, ಕಾಫಿ ಬೇಡ ಎಂದಳು, ಲೋಟದ ನೀರನ್ನು ಮಾತ್ರೆ ನುಂಗುವಷ್ಟಕ್ಕೆ ಮುಟ್ಟಿದಳು. ಕೇಳಿದರೆ "ಬಾಯಾರಿಕೆ ಇಲ್ಲ". ಆ ಪೀಳಿಗೆಯ ಹೆಂಗಸರೆಲ್ಲ ದಾರಿಯಲ್ಲಿ ಹೀಗೇ ಮಾಡುತ್ತಾರೆ. ದಾರಿಯಲ್ಲಿ ಶೌಚಾಲಯ ಇರುತ್ತದೋ ಇಲ್ಲವೋ, ಇದ್ದರೂ ಚಿಲಕ ಇರುತ್ತದೋ ಇಲ್ಲವೋ, ಮಗನಿಗೆ ಹೇಳಿ ಗಾಡಿ ನಿಲ್ಲಿಸುವುದು ಹೇಗೆ. ಇಷ್ಟೆಲ್ಲ ಯೋಚನೆಗಿಂತ ಕುಡಿಯದಿರುವುದೇ ಮೇಲು ಎಂದು ಬಸ್ಸಿನ ಕಾಲದಲ್ಲೇ ಕಲಿತಿದ್ದಾರೆ.

ಅಪಾಯ ಇರುವುದು ಇಲ್ಲೇ. ವಯಸ್ಸಾದ ಹಾಗೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ. ದೇಹ ಒಣಗುತ್ತಿದ್ದರೂ ಬಾಯಿ ನೀರು ಕೇಳುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೈಯ ನೀರನ್ನು ಹೊರಹಾಕುವಂಥವು. ಅದರ ಜೊತೆ ಕುಡಿಯುವುದನ್ನೂ ಬಿಟ್ಟರೆ ತಲೆ ಸುತ್ತು, ಉರಿಮೂತ್ರ, ಕೆಲವರಿಗೆ ಇದ್ದಕ್ಕಿದ್ದಂತೆ ಮಾತು ಅಡ್ಡಾದಿಡ್ಡಿಯಾಗುವ ಗೊಂದಲ. ಆದ್ದರಿಂದ ಅಪ್ಪ ಅಮ್ಮನ ಜೊತೆಗಿನ ಪಯಣಕ್ಕೆ ನಿಜವಾದ ಸಿದ್ಧತೆ ಎಂದರೆ ಶೌಚಾಲಯದ ಸಿದ್ಧತೆ. ನಾವು ವೈದ್ಯರನ್ನು ಕೇಳಿ ಆ ಒಂದು ಮಾತ್ರೆಯನ್ನು ಅವತ್ತಿನ ಮಟ್ಟಿಗೆ ಊರು ಮುಟ್ಟಿದ ಮೇಲೆ ಕೊಡುವುದೆಂದು ಗೊತ್ತುಮಾಡಿಕೊಂಡಿದ್ದೆವು. ಡಿಕ್ಕಿಯಲ್ಲಿ ಮಡಚುವ ಕಮೋಡ್ ಕುರ್ಚಿ ಇತ್ತು. ಮಂಡಿ ಸವೆದವರಿಗೆ ಕುಕ್ಕರಗಾಲಿನ ಶೌಚಾಲಯ ಎಷ್ಟು ಸ್ವಚ್ಛವಾಗಿದ್ದರೂ ಇದ್ದೂ ಇಲ್ಲದ ಹಾಗೆ. ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯ ಉಚಿತವಾಗಿ ದೊರೆಯಬೇಕು ಎಂಬ ನಿಯಮ ಇದೆ. ಬೀಗದ ಕೈಯನ್ನು ಕೇಳಿ ತರುವ ಕೆಲಸವನ್ನು ಅಮ್ಮನ ಮೇಲೆ ಬಿಡದೆ ಮಕ್ಕಳು ತಾವೇ ಇಳಿದು ಮಾಡಬೇಕು, ಅಷ್ಟೆ. ಸಿರಾದ ಹತ್ತಿರ ಒಂದು ಒಳ್ಳೆಯ ಜಾಗ ಸಿಕ್ಕಿತು. ನನ್ನ ಹೆಂಡತಿ ಮೊದಲು ಒಳಹೋಗಿ ನೋಡಿ ಬಂದು, "ಅತ್ತೆ, ಚೆನ್ನಾಗಿದೆ ಬನ್ನಿ" ಎಂದಳು. ವಾಪಸು ಬಂದ ಅಮ್ಮ ತಾನಾಗಿಯೇ ಬಾಟಲಿ ಕೇಳಿ ಗಟಗಟ ಕುಡಿದಳು. ಅವಳಿಗೆ ಬಾಯಾರಿಕೆ ಇತ್ತು.

ಅಪ್ಪನಿಗೆ ಈ ರಸ್ತೆ ಇನ್ನೂ ಪಿ.ಬಿ. ರೋಡೇ. ನಲವತ್ತೆಂಟನೇ ರಾಷ್ಟ್ರೀಯ ಹೆದ್ದಾರಿ ಎಂದು ಹಸಿರು ಹಲಗೆಗಳು ಹೇಳುತ್ತವೆ, ಅವರು ಒಪ್ಪುವುದಿಲ್ಲ. ಬೈಪಾಸು ಬಂದು ಊರುಗಳು ಪಕ್ಕಕ್ಕೆ ಸರಿದಿವೆ. ಬಸ್ಸು ನಿಲ್ಲುತ್ತಿದ್ದ ಸಿರಾ ಪೇಟೆ ಕಾಣಲೇ ಇಲ್ಲ ಎಂದು ಪೇಚಾಡಿಕೊಂಡರು. ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಹೊಸದುರ್ಗದ ಕಡೆ ತಿರುಗಿದ ಮೇಲೆ ಅವರ ಮುಖಕ್ಕೆ ಕಳೆ ಬಂತು. ಮಾರಿಕಣಿವೆಯಲ್ಲಿ ನಿಲ್ಲಿಸಲೇಬೇಕು ಎಂದರು.

ಅಲ್ಲಿ ವೇದಾವತಿಗೆ ಎರಡು ಗುಡ್ಡಗಳ ನಡುವೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ತಿಯಾಯಿತು. 1933ರಲ್ಲಿ ಅದು ಕೋಡಿ ಬಿತ್ತು. ಅಪ್ಪನ ಬಾಲ್ಯವೆಲ್ಲ ತಮ್ಮ ತಂದೆ ಆ ಕೋಡಿಯನ್ನು ವರ್ಣಿಸುವುದನ್ನು ಕೇಳುವುದರಲ್ಲೇ ಕಳೆಯಿತು. ಅವರು ಬೆಳೆದರು, ಮದುವೆಯಾದರು, ಕೆಲಸಕ್ಕೆಂದು ಬೆಂಗಳೂರು ಸೇರಿದರು, ನಿವೃತ್ತರಾದರು, ಕೆರೆ ಮಾತ್ರ ಮತ್ತೆ ತುಂಬಲಿಲ್ಲ. ಮುಂದೆ ಭದ್ರೆಯ ನೀರು ಬರತೊಡಗಿತು, ಮಳೆಯೂ ಕೈಹಿಡಿಯಿತು, 2022ರ ಸೆಪ್ಟೆಂಬರಿನಲ್ಲಿ 89 ವರ್ಷಗಳ ಬಳಿಕ ಕೋಡಿ ಬಿತ್ತು. ಅಪ್ಪ ಅದನ್ನು ನೋಡಿದ್ದು ಯಾರೋ ಕಳಿಸಿದ ವಿಡಿಯೋದಲ್ಲಿ. ಈಗ ಕಟ್ಟೆಯ ಮೇಲೆ ನನ್ನ ತೋಳು ಹಿಡಿದು ನಿಂತು ಹರಡಿದ ನೀರನ್ನು ಬಹಳ ಹೊತ್ತು ನೋಡಿದರು. ಊರಿಗೆ ಬಂದವಳು ನೀರಿಗೆ ಬರುತ್ತಾಳೆ ಎಂಬ ಭರವಸೆ ಹುಟ್ಟಿದ್ದು ನೀರಿರುವ ಕಡೆ. ಚಿತ್ರದುರ್ಗದ ಬಯಲಿನಲ್ಲಿ ಒಂದು ಇಡೀ ತಲೆಮಾರು ನೀರೇ ಊರಿಗೆ ಬರಲಿ ಎಂದು ಕಾದಿತ್ತು.

ಈ ಸೀಮೆಯಲ್ಲಿ ನೀರು ಮತ್ತು ಹೆಂಗಸು ಎಂದೊಡನೆ ನೆನಪಿಗೆ ಬರುವವಳು ಓಬವ್ವ. ಗಂಡ ಊಟಕ್ಕೆ ಕೂತಿದ್ದ, ಅವಳು ನೀರಿಗೆಂದು ತಣ್ಣೀರು ದೋಣಿಯ ಕಡೆ ಹೋದಳು, ಆಗಲೇ ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ತೂರುತ್ತಿದ್ದುದು ಕಣ್ಣಿಗೆ ಬಿತ್ತು ಎನ್ನುತ್ತದೆ ಜನರ ಕತೆ. ಅವರನ್ನು ಬಡಿದ ಅವಳ ಒನಕೆಯನ್ನು ಎಲ್ಲರೂ ನೆನೆಯುತ್ತಾರೆ. ಅವಳು ಅಲ್ಲಿಗೆ ಹೋಗಿದ್ದೇ ಕೊಡ ಹಿಡಿದು ಎನ್ನುವುದನ್ನೂ ನೆನೆಯಬೇಕು. ಊರಿನಲ್ಲಿ ಏನೇ ನಡೆದರೂ ಮೊದಲು ಕಾಣುತ್ತಿದ್ದುದು ನೀರಿಗೆ ಹೋದವಳಿಗೆ.

ಅಮ್ಮನೂ ಹಾಗೆ ಕೊಡ ಹಿಡಿದೇ ಊರನ್ನು ಅರಿತವಳು. ಮದುವೆಯಾದ ಮೇಲೆ ಅವಳಿಂದ ಮೊದಲು ಗಂಗೆಪೂಜೆ ಮಾಡಿಸಿದರು. ಬಾವಿಗೆ ಅರಿಸಿನ ಕುಂಕುಮವಿಟ್ಟು, ವೀಳ್ಯದೆಲೆ ಇರಿಸಿ, ತುಂಬಿದ ಬಿಂದಿಗೆ ಹೊತ್ತು ಹೊಸಿಲು ದಾಟಬೇಕು. ಬಾಣಂತನ ಮುಗಿಸಿ ಬಂದಾಗಲೂ ಅದೇ ಶಾಸ್ತ್ರ. ಅಲ್ಲಿಂದ ಮುಂದೆ ಬೆಳಿಗ್ಗೆ ಸಂಜೆ ನೀರು. ಅತ್ತೆಯ ಮನೆಯಲ್ಲಿ ಬಾಯಿ ಬಿಡದವಳು ಬಾವಿಕಟ್ಟೆಯ ಮೇಲೆ ನಗುತ್ತಿದ್ದಳು. ಗಡಗಡೆಯ ಸದ್ದಿನಲ್ಲಿ ಮಾತು ಮನೆಯವರೆಗೆ ಕೇಳುತ್ತಿರಲಿಲ್ಲ. ಹುಣಿಸೆಹಣ್ಣು ಹಚ್ಚಿ ಕೊಡ ಬೆಳಗುವ ಹೊತ್ತಿನಲ್ಲಿ ತವರಿನ ಕಾಗದದ ಸುದ್ದಿ, ಅತ್ತೆಯ ಸಿಟ್ಟು, ಯಾರಿಗೆ ತಿಂಗಳು ನಿಂತಿದೆ, ಎಲ್ಲ ಅಲ್ಲೇ. ಗಾದೆಯಲ್ಲಿ "ಬಂದವಳು" ಎಂದೇ ಇರುವುದು ಇದಕ್ಕೇ. ಗಂಡಸರಿಗೆ ಅರಳಿಕಟ್ಟೆ ಇತ್ತು, ಹೋಗಲೂಬಹುದು ಬಿಡಲೂಬಹುದು. ಹೆಂಗಸಿಗೆ ನೀರಿಗೆ ಹೋಗದಿರುವ ಆಯ್ಕೆ ಇರಲಿಲ್ಲ. ಮೈ ಬಿಸಿಯಿದ್ದರೂ, ಬಸುರಿಯಾದರೂ, ಮಳೆ ಬಂದರೂ ಸಿಂಬೆಯ ಮೇಲೊಂದು ಕೊಡ, ಸೊಂಟದಲ್ಲೊಂದು. ಅವಳ ಈಗಿನ ಮಂಡಿನೋವಿನಲ್ಲಿ ಆ ಕೊಡಗಳ ಭಾರವೂ ಇದೆ. ಬಾರದಿರುವಳೆ ಎಂಬ ಪ್ರಶ್ನೆಯೊಳಗೆ ಈ ಕಡ್ಡಾಯವೂ ಅಡಗಿದೆ, ಅದನ್ನು ಮರೆತು ಗಾದೆಯನ್ನು ಮೆಚ್ಚುವುದು ಸರಿಯಲ್ಲ.

ಎಲ್ಲರೂ ನೀರಿಗೆ ಬರುತ್ತಿದ್ದರು ಎಂಬುದೂ ಪೂರ್ತಿ ನಿಜವಲ್ಲ. ಊರಾಚೆಯ ಕೇರಿಯ ಹೆಂಗಸರು ಬಾವಿಕಟ್ಟೆ ಹತ್ತುವಂತಿರಲಿಲ್ಲ. ಬೇಸಿಗೆಯಲ್ಲಿ ಅವರ ಬಾವಿ ಬತ್ತಿದಾಗ ಇಲ್ಲಿಗೆ ಬಂದು ದೂರ ನಿಂತು, ಯಾರಾದರೂ ಸೇದಿ ಮೇಲಿನಿಂದ ಹೊಯ್ಯಲಿ ಎಂದು ಕಾಯುತ್ತಿದ್ದರು. ಅಂಬೇಡ್ಕರ್ ಮಹಾಡದ ಚೌದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು 1927ರ ಮಾರ್ಚ್ 20ರಂದು. 1955ರಲ್ಲಿ ಅಸ್ಪೃಶ್ಯತೆಗೆ ಶಿಕ್ಷೆ ವಿಧಿಸುವ ಕಾಯ್ದೆಯೂ ಬಂತು. ಅಮ್ಮ ಹೇಳುವ ಬೇಸಿಗೆಗಳು ಅದಕ್ಕೂ ಎಷ್ಟೋ ವರ್ಷ ಈಚಿನವು. ಹಾಗೆ ಕಾಯುತ್ತಿದ್ದವರಲ್ಲಿ ಒಬ್ಬಾಕೆಗೆ ತಾನು ನೀರು ಹೊಯ್ಯುತ್ತಿದ್ದುದನ್ನು ಅವಳು ಕಾರಿನಲ್ಲಿ ಹೇಳಿದಳು. "ಅವಳಿಗೂ ನನಗೂ ಒಂದೇ ವಯಸ್ಸು. ನಾನು ಕೆಳಗಿಳಿದು ಅವಳ ಕೊಡ ಮುಟ್ಟಿದವಳಲ್ಲ" ಎಂದಳು. ಅಪ್ಪ ಏನೂ ಹೇಳಲಿಲ್ಲ.

ಊರಿನಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ದಾಯಾದಿಗಳ ಮನೆಯ ಜಗಲಿಯಲ್ಲಿ ಇಬ್ಬರನ್ನೂ ಕೂರಿಸಿದೆವು. ಅಪ್ಪ ಬೀದಿಯ ಕಡೆ ಮುಖ ಮಾಡಿ ಕೂತರು. ಬಾವಿಗೆ ಹೋಗುವ ದಾರಿ ಅದೇ. ಸಂಜೆಯಾಯಿತು. ಆ ದಾರಿಯಲ್ಲಿ ಒಂದು ಕೊಡವೂ ಬರಲಿಲ್ಲ. ಬರುವುದಾದರೂ ಎಲ್ಲಿಂದ? ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಒಳಗೆ ನೀರಿಲ್ಲ. ಸುತ್ತ ನೂರಾರು ಅಡಿ ಆಳದ ಕೊಳವೆಬಾವಿಗಳು ಮೇಲುನೀರನ್ನು ಹೀರಿ ಎಷ್ಟೋ ಕಾಲವಾಯಿತು. ಆಳದಿಂದ ಬರುವ ನೀರಿನಲ್ಲಿ ಫ್ಲೋರೈಡ್. ಅದಕ್ಕೆಂದೇ ಶುದ್ಧ ನೀರಿನ ಘಟಕ ಇದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ, ಹುಡುಗರು ಬೈಕಿನಲ್ಲಿ ಬಂದು ಗಾಡಿಯ ಎಂಜಿನ್ನನ್ನೂ ಆರಿಸದೆ ಹಿಡಿದುಕೊಂಡು ಹೋಗುತ್ತಾರೆ. ಬಳಸುವ ನೀರು ಮನೆಯ ನಲ್ಲಿಗೇ ಬಂದಿದೆ. 2019ರಲ್ಲಿ ಘೋಷಿಸಿದ ಜಲ ಜೀವನ್ ಯೋಜನೆ ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಎಂಬ ಹೆಸರು ಪಡೆಯಿತು. ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಅದರ ಗುರಿ.

ಇದನ್ನು ಕಂಡು ಹಳಹಳಿಸಲು ನನಗೆ ಮನಸ್ಸಿಲ್ಲ. ನಲ್ಲಿ ಬಂದದ್ದು ಒಳ್ಳೆಯದಾಯಿತು. ಇವತ್ತಿನ ಸೊಸೆಯ ಸೊಂಟ ಉಳಿಯಿತು. ಒಂದೇ ಟ್ಯಾಂಕಿನ ನೀರು ಎರಡೂ ಕೇರಿಗೆ ಹೋಗುತ್ತದೆ, ಯಾರೂ ಯಾರ ಎದುರೂ ದೂರ ನಿಂತು ಕಾಯಬೇಕಿಲ್ಲ. ಆದರೆ ಎಂಬತ್ತರ ಆಸುಪಾಸಿನ ಇಬ್ಬರು ಜಗಲಿಯಲ್ಲಿ ಕೂತು ಯಾರೂ ಬರಲಿಲ್ಲವಲ್ಲ ಎಂದುಕೊಂಡಾಗ, ಗಾದೆಯನ್ನು ಎತ್ತಿ ಹಿಡಿದಿದ್ದು ಏನು ಎಂಬುದು ಸ್ಪಷ್ಟವಾಯಿತು. ಎಲ್ಲರನ್ನೂ ದಿನಕ್ಕೆರಡು ಸಲ ಒಂದೆಡೆ ಸೇರಿಸುತ್ತಿದ್ದ ಒಂದು ಏರ್ಪಾಡು ಇತ್ತು, ಅದರ ಬಲದ ಮೇಲೆ ಕಾಯುವವರು ಕಾಯಬಹುದಿತ್ತು. ಆ ಏರ್ಪಾಡು ಹೋದಮೇಲೆ ಕಾಯುವುದರಲ್ಲಿ ಫಲವಿಲ್ಲ. ಎಂಬತ್ತು ದಾಟುತ್ತಿರುವವರಿಗೆ ಇವತ್ತಲ್ಲ ನಾಳೆ ಎನ್ನುವ ಮಾತನ್ನು ಆಡಲೂಬಾರದು. ಅವರನ್ನು ಊರಿನವರೆಗೆ ಕರೆತಂದು ಜಗಲಿಯಲ್ಲಿ ಕೂರಿಸಿದರೆ ನಮ್ಮ ಕೆಲಸ ಅರ್ಧವೂ ಆಗಿರುವುದಿಲ್ಲ. ಉಳಿದದ್ದನ್ನು ಮನೆಯಿಂದ ಮನೆಗೆ ಕೈಹಿಡಿದು ನಡೆಸಿಯೇ ಮಾಡಬೇಕು.

ಮರುದಿನ ಬೆಳಿಗ್ಗೆ ಹೊರಟೆವು. ಅಮ್ಮನ ಗೆಳತಿ ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು. ಅಮ್ಮ ಬಂದ ಸುದ್ದಿ ಅವರಿಗೆ ಹಿಂದಿನ ಸಂಜೆಯೇ ತಲುಪಿತ್ತು. "ನಿನ್ನೆಯಿಂದ ಬಾಗಿಲೇ ನೋಡ್ತಿದೀನಿ ಕಣೇ, ಈಗ ಬಂದ್ಯಾ?" ಎಂದರು. ಬೀದಿಯ ಆ ತುದಿಯಲ್ಲಿ ಅವರು ಕಾಯುತ್ತಿದ್ದರು, ಈ ತುದಿಯಲ್ಲಿ ಅಮ್ಮ. ಮಂಚದ ಅಂಚಿನಲ್ಲಿ ಕೂತು ಇಬ್ಬರೂ ಮಾತಿಗೆ ತೊಡಗಿದರೆ ನಮ್ಮನ್ನು ಕೇಳುವವರಿಲ್ಲ. ಅಪ್ಪ ತಮ್ಮ ಶಾಲೆಯ ಜೊತೆಗಾರರೊಬ್ಬರ ಮನೆಗೆ ಹೋದರು. ಅವರಿಗೆ ಕಿವಿ ಕೇಳುತ್ತಿರಲಿಲ್ಲ, ಅಪ್ಪನಿಗೆ ಕಣ್ಣು ಮಂಜು. ಆದರೂ 1960ರ ದಶಕದ ಯಾವುದೋ ನಾಟಕದ ಪಾತ್ರಧಾರಿಗಳ ಪಟ್ಟಿಯಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಬಂತು, ಬಗೆಹರಿಯಲಿಲ್ಲ.

ಮಧ್ಯಾಹ್ನ ಅಮ್ಮ ಕೇರಿಗೆ ಹೋಗಬೇಕು ಎಂದಳು. ದೂರ ನಿಂತು ನೀರಿಗೆ ಕಾಯುತ್ತಿದ್ದ ಆ ಹೆಂಗಸು ಇದ್ದಾರೆ, ಮೊಮ್ಮಗಳು ಹೊಸದುರ್ಗದಲ್ಲಿ ಕಾಲೇಜು ಓದುತ್ತಾಳೆ. ಅಮ್ಮನನ್ನು ಗುರುತಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಒಳಗೆ ಕರೆದು ಕುರ್ಚಿ ಹಾಕಿದರು. ಮೊಮ್ಮಗಳು ಚೊಂಬಿನಲ್ಲಿ ನೀರು ತಂದಳು, ಅಮ್ಮ ಎರಡು ಲೋಟ ಕುಡಿದಳು. ಹಳೆಯ ಬೇಸಿಗೆಗಳ ಮಾತನ್ನು ಅಮ್ಮ ಎತ್ತಲು ನೋಡಿದಾಗ ಅವರು, "ಅದೆಲ್ಲ ಇರಲಿ ಬಿಡವ್ವ, ನಿನ್ನ ಮಂಡಿಗೆ ಏನು ಹಚ್ತೀಯ?" ಎಂದು ಕೇಳಿದರು. ಮಾತು ಎಣ್ಣೆ, ಮಾತ್ರೆ, ನಿದ್ದೆ ಬಾರದ ರಾತ್ರಿಗಳ ಕಡೆ ಹೊರಳಿತು.

ಅಪ್ಪನ ಓರಗೆಯವರಲ್ಲಿ ಹಲವರು ಈಗ ಊರಿನಲ್ಲೇ ಇಲ್ಲ. ಒಬ್ಬರು ಹುಳಿಯಾರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಇನ್ನೊಬ್ಬರು ಚಿತ್ರದುರ್ಗದಲ್ಲಿ ಮಗನ ಜೊತೆಗಿದ್ದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆ, ಅವರಿಗೆ ವಾರದ ಯಾವ ದಿನ ಬಿಡುವು ಎಂದು ಮೊದಲೇ ಫೋನ್ ಮಾಡಿ ಕೇಳಬೇಕು. ಊರಿನಿಂದ ಬರುವ ದಾರಿಯಲ್ಲಿ ಅಪ್ಪ ಒಂದೊಂದೇ ಹೆಸರು ಹೇಳಿದರು, ನನ್ನ ಹೆಂಡತಿ ಬರೆದುಕೊಂಡಳು. ಮುಂದಿನ ಸಲ ಚಿಕ್ಕನಾಯಕನಹಳ್ಳಿಯ ಮೇಲೆ ಹೋದರೆ ಹುಳಿಯಾರಿನವರನ್ನು ದಾರಿಯಲ್ಲೇ ಕಾಣಬಹುದು. ಬಿಸಿಲು ಏರುವ ಮೊದಲು, ಶಿವರಾತ್ರಿಯ ಒಳಗೇ ಹೊರಡಬೇಕು.