ಹೊಗೆಗಂಪಿನ ಶೃಂಗಾರ

ಸುಗಂಧದ್ರವ್ಯಗಳಲ್ಲಿ ಹೊಗೆಯ ಘಮಲು, ರಾಳದ ಸಿಹಿ, ಮೈಯ ಕಾವನ್ನು ಹೋಲುವ ಗಾಢತೆ ಮೂರೂ ಒಟ್ಟಿಗೆ ಬೆರೆತ ಒಂದು ವರ್ಗವಿದೆ. ಪಶ್ಚಿಮದ ಪರ್ಫ್ಯೂಮ್ ಉದ್ಯಮ ಅದನ್ನು ಬಹುಕಾಲ ‘ಓರಿಯೆಂಟಲ್’ ಎಂದು ಕರೆಯಿತು. ಸಾಂಬ್ರಾಣಿ, ವೆನಿಲ್ಲಾ, ಶ್ರೀಗಂಧ, ಅಗರು, ಪಚ್ಚೆತೆನೆ, ಪುನುಗು ಇದರ ಮುಖ್ಯ ಸಾಮಗ್ರಿಗಳು. ಇಂಥ ಸುಗಂಧವನ್ನು ಬಣ್ಣಿಸುವವರು ‘ಮಾದಕ’, ‘ಶೃಂಗಾರಮಯ’ ಎಂಬ ವಿಶೇಷಣಗಳನ್ನು ಬಿಟ್ಟಿರಲಾರರು. ಆದರೆ ಇದೇ ಸಾಮಗ್ರಿಗಳಲ್ಲಿ ಹಲವು ಗುಡಿ, ದರ್ಗಾ, ಚರ್ಚುಗಳಲ್ಲೂ ಬಳಕೆಯಲ್ಲಿವೆ. ಒಂದೇ ವಾಸನೆ ಒಂದೆಡೆ ಭಕ್ತಿಯನ್ನೂ ಮತ್ತೊಂದೆಡೆ ಕಾಮವನ್ನೂ ಸೂಚಿಸುವುದಾದರೆ ಅದರ ಶೃಂಗಾರ ನೆಲೆಸಿರುವುದು ಎಲ್ಲಿ? ದ್ರವ್ಯದಲ್ಲೋ, ಮೂಸುವವರ ಮನಸ್ಸಿನಲ್ಲೋ, ಹಚ್ಚಿಕೊಳ್ಳುವ ಬಗೆಯಲ್ಲೋ? ಸುಗಂಧವನ್ನು ಆಸ್ವಾದಿಸುವುದು ಬರಿಯ ಇಂದ್ರಿಯಸುಖವೇ, ವಿವೇಚನೆಯ ಕೆಲಸವೇ ಎಂಬ ಹಳೆಯ ಪ್ರಶ್ನೆಗೂ ಇದಕ್ಕೂ ನಂಟಿದೆ.

ಈ ವರ್ಗದ ಪ್ರಸಿದ್ಧ ಮಾದರಿ ಪ್ಯಾರಿಸ್ಸಿನ ಗೆರ್ಲಾಂ ಸಂಸ್ಥೆಯ ‘ಶಾಲಿಮಾರ್’. ಜಾಕ್ ಗೆರ್ಲಾಂ ರಚಿಸಿದ ಈ ಸುಗಂಧ 1925ರ ಪ್ಯಾರಿಸ್ ಅಲಂಕಾರ ಕಲೆಗಳ ಪ್ರದರ್ಶನದ ಹೊತ್ತಿಗೆ ಹೆಸರಾಯಿತು. ಹಚ್ಚಿದೊಡನೆ ಬೆರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಚುರುಕು ಮೂಗಿಗೆ ಬರುತ್ತದೆ. ಅದು ಇಳಿದ ಮೇಲೆ ಹೂವಿನ ಕಂಪು, ಐರಿಸ್ ಗೆಡ್ಡೆಯ ಪುಡಿಯಂಥ ನವಿರು. ಗಂಟೆಗಳು ಕಳೆದ ಮೇಲೆ ಉಳಿಯುವುದು ವೆನಿಲ್ಲಾ, ಟೊಂಕಾ ಬೀಜ, ಮರದಂಟುಗಳ ಸಿಹಿ, ಹದಮಾಡಿದ ಚರ್ಮವನ್ನು ನೆನಪಿಸುವ ಹೊಗೆ. ಇದರ ಬೇರು ಅದೇ ಮನೆತನದ ಎಮೆ ಗೆರ್ಲಾಂ 1889ರಲ್ಲಿ ರಚಿಸಿದ ‘ಜಿಕಿ’ಯಲ್ಲಿದೆ. ಅದರಲ್ಲಿ ಲ್ಯಾವೆಂಡರಿನ ತಂಪಿನಡಿ ಪುನುಗಿನ ಕಾವಿತ್ತು. ಪ್ರಯೋಗಾಲಯದಲ್ಲಿ ತಯಾರಾದ ಎರಡು ವಸ್ತುಗಳೂ ಇದ್ದವು. ಒಂದು, ವಿಲಿಯಂ ಪರ್ಕಿನ್ 1868ರಲ್ಲಿ ಕೃತಕವಾಗಿ ತಯಾರಿಸಿದ ಕೂಮರಿನ್. ಇನ್ನೊಂದು, ಟೀಮನ್ ಮತ್ತು ಹಾರ್ಮನ್ 1874ರಲ್ಲಿ ತಯಾರಿಸಿದ ವೆನಿಲಿನ್. ಶಾಲಿಮಾರ್‌ನಲ್ಲಿ ವೆನಿಲಿನ್‌ಗಿಂತ ಹಲವು ಪಟ್ಟು ಬಲವಾದ ಈಥೈಲ್ ವೆನಿಲಿನ್ ಬಂದು ಸಿಹಿಯನ್ನು ಮತ್ತಷ್ಟು ಗಾಢವಾಗಿಸಿತು.

ಹೊಗೆಯೂ ಸಿಹಿಯೂ ಹೀಗೆ ಹೊಂದಿಕೊಳ್ಳುವುದಕ್ಕೆ ರಸಾಯನಶಾಸ್ತ್ರದಲ್ಲೇ ಒಂದು ಕಾರಣವಿದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಉರಿದಾಗ ಹುಟ್ಟುವ ವಸ್ತುಗಳಲ್ಲಿ ಗ್ವಾಯಕಾಲ್ ಮುಖ್ಯವಾದುದು. ಹೊಗೆಯ ವಾಸನೆಯಲ್ಲಿ ಅದಕ್ಕೂ ದೊಡ್ಡ ಪಾಲಿದೆ. ವೆನಿಲಿನ್ ಅದರ ಹತ್ತಿರದ ಸಂಬಂಧಿ: ಗ್ವಾಯಕಾಲ್ ಅಣುವಿಗೆ ಒಂದು ಆಲ್ಡಿಹೈಡ್ ಗುಂಪು ಸೇರಿದರೆ ವೆನಿಲಿನ್ ಆಗುತ್ತದೆ. ಮರ ಸುಡುವಾಗ ವೆನಿಲಿನ್ ಕೂಡ ಅಲ್ಪ ಪ್ರಮಾಣದಲ್ಲಿ ಹುಟ್ಟುವುದುಂಟು. ಅಸಲಿ ಸಾಂಬ್ರಾಣಿಯಲ್ಲೂ ಸಹಜವಾಗಿಯೇ ವೆನಿಲಿನ್ ಇದೆ. ಹೀಗಾಗಿ ಹೊಗೆಗಂಪಿನ ಸಿಹಿ ಸುಗಂಧವೆಂದರೆ ಎರಡು ಅಪರಿಚಿತ ವಾಸನೆಗಳ ಬಲವಂತದ ಕೂಟವಲ್ಲ, ಒಂದೇ ಕುಲದ ಅಣುಗಳ ಸಂಗಮ.

ಪೂರ್ವದೇಶದ ಹೆಸರು ಹೊತ್ತರೂ ಈ ಸುಗಂಧಗಳ ಹುಟ್ಟು ಯೂರೋಪಿನದು. ಶಾಲಿಮಾರ್‌ನ ಪ್ರಚಾರಕ್ಕೆ ಷಹಜಹಾನ್ ಮತ್ತು ಮಮ್ತಾಜರ ಪ್ರಣಯವನ್ನು ಬಳಸಿಕೊಳ್ಳಲಾಯಿತು. ಇತಿಹಾಸಕ್ಕೆ ಅದು ಸರಿಹೊಂದುವುದಿಲ್ಲ: ಮಮ್ತಾಜ್ ತೀರಿಕೊಂಡದ್ದು 1631ರಲ್ಲಿ, ಷಹಜಹಾನ್ ಲಾಹೋರಿನಲ್ಲಿ ಶಾಲಿಮಾರ್ ತೋಟ ಕಟ್ಟಿಸಲು ತೊಡಗಿದ್ದು 1641ರಲ್ಲಿ. ಶ್ರೀನಗರದ ಶಾಲಿಮಾರ್ ತೋಟವನ್ನು ಮಾಡಿಸಿದವನು ಜಹಾಂಗೀರ್. 1977ರಲ್ಲಿ ಬಂದ, ವಸ್ತ್ರವಿನ್ಯಾಸಕ ಈವ್ ಸಾಂ ಲೊರಾನ್ ಅವರ ‘ಓಪಿಯಂ’ ಸುಗಂಧದ ಹೆಸರಿಗಂತೂ ಅಮೆರಿಕದ ಚೀನೀ ಮೂಲದವರು ಬಹಿರಂಗವಾಗಿ ಪ್ರತಿಭಟಿಸಿದರು. ಅಫೀಮಿನಿಂದ ನರಳಿದ ಒಂದು ಸಮಾಜದ ದುಃಖ ಅಲ್ಲಿ ವಿಲಾಸದ ಸರಕಾಗಿತ್ತು. ಸುಗಂಧಗಳ ವರ್ಗೀಕರಣಕ್ಕೆ ಹೆಸರಾದ ಮೈಕೇಲ್ ಎಡ್ವರ್ಡ್ಸ್ 2021ರಲ್ಲಿ ‘ಓರಿಯೆಂಟಲ್’ ಎಂಬ ಹೆಸರನ್ನು ಕೈಬಿಟ್ಟು ‘ಆಂಬರ್’ ಎಂದು ಬದಲಿಸಿದರು. ಕಥೆ ಸುಳ್ಳಾದ ಮಾತ್ರಕ್ಕೆ ರಚನೆಯ ಸೊಗಸು ಸುಳ್ಳಾಗುವುದಿಲ್ಲ. ಆದರೆ ಒಂದು ವಿಷಯ ಇದರಿಂದ ಸ್ಪಷ್ಟವಾಗುತ್ತದೆ: ಸುಗಂಧಕ್ಕೆ ಅಂಟಿದ ಮಾದಕತೆಯ ದೊಡ್ಡ ಪಾಲು ಹೊರಗಿನಿಂದ ತಂದು ಲೇಪಿಸಿದ್ದು.

ವಾಸನೆಯ ಸುಖವನ್ನು ತೂಗಿ ನೋಡಿದ ತತ್ತ್ವಜ್ಞಾನಿಗಳಲ್ಲಿ ಪ್ಲೇಟೋ ಉದಾರಿ. ಹಸಿವು ನೀಗಿದಾಗಿನ ಸುಖಕ್ಕೆ ಮೊದಲು ಹಸಿವಿನ ಸಂಕಟ ಬೇಕು, ಕಂಪಿನ ಸುಖಕ್ಕೆ ಅಂಥ ಸಂಕಟ ಬೇಡ. ಆದ್ದರಿಂದ ಅದು ಶುದ್ಧವಾದುದು, ಆದರೂ ರೂಪ ಮತ್ತು ನಾದದ ಸುಖಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಎಂಬುದು ‘ಫಿಲೀಬಸ್’ ಸಂವಾದದ ನಿಲುವು. ಅರಿಸ್ಟಾಟಲ್ ವಾಸನೆಗಳ ನಡುವೆಯೇ ಗೆರೆ ಎಳೆದ. ಸೇಬು, ಗುಲಾಬಿ, ಧೂಪಗಳ ಕಂಪಿಗೆ ಹಿಗ್ಗುವವರು ವಿಷಯಲಂಪಟರಲ್ಲ. ಸುಗಂಧಲೇಪನಕ್ಕೆ, ಭಕ್ಷ್ಯಗಳ ಘಮಕ್ಕೆ ಹಿಗ್ಗುವವರು ಲಂಪಟರು, ಏಕೆಂದರೆ ಆ ವಾಸನೆಗಳು ಅವರ ಬಯಕೆಯ ವಸ್ತುಗಳನ್ನು ನೆನಪಿಗೆ ತರುತ್ತವೆ ಎಂದ. ಹೆಗೆಲ್ ಇನ್ನೂ ಕಠಿಣ. ಕಲೆ ಕಣ್ಣು ಮತ್ತು ಕಿವಿಗೆ ಮಾತ್ರ ಸೇರಿದ್ದು, ಮೂಗು ತಿಳಿಯುವುದು ಕರಗಿ ಹೋಗುತ್ತಿರುವ ದ್ರವ್ಯವನ್ನಷ್ಟೇ, ಹಾಗಾಗಿ ಅಲ್ಲಿ ಕಲೆಗೆ ಎಡೆಯಿಲ್ಲ ಎಂಬುದು ಅವನ ವಾದ.

ಅರಿಸ್ಟಾಟಲ್ ಎಳೆದ ಗೆರೆ ಧೂಪವನ್ನು ಒಂದು ಕಡೆಗೂ ಲೇಪನವನ್ನು ಇನ್ನೊಂದು ಕಡೆಗೂ ಇಡುತ್ತದೆ. ಹೊಗೆಗಂಪಿನ ಪರ್ಫ್ಯೂಮ್ ಎಂದರೆ ಧೂಪವೇ ಲೇಪನವಾದದ್ದು. ಆ ಗೆರೆ ಇಲ್ಲಿ ನಿಲ್ಲುವುದಿಲ್ಲ. ಭಾರತದ ಹಳೆಯ ಚಿಂತನೆಯಲ್ಲಿ ಇಂಥ ಗೆರೆಯೇ ಕಾಣುವುದಿಲ್ಲ. ನ್ಯಾಯ-ವೈಶೇಷಿಕ ದರ್ಶನ ಗಂಧವನ್ನು ಪೃಥ್ವಿಯ ವಿಶೇಷ ಗುಣವೆಂದು ಹೇಳಿ ಸುರಭಿ, ಅಸುರಭಿ ಎಂದು ಎರಡೇ ಬಗೆ ಮಾಡಿತು; ಪವಿತ್ರ ಗಂಧ, ಕಾಮುಕ ಗಂಧ ಎಂಬ ಭೇದ ಅಲ್ಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ರಾಜನ ಇಪ್ಪತ್ತು ಉಪಭೋಗಗಳನ್ನು ವಿವರಿಸುತ್ತದೆ. ವಿಲೇಪನ ಮತ್ತು ಧೂಪ ಎರಡೂ ಆ ಪಟ್ಟಿಯಲ್ಲಿವೆ, ಶಯ್ಯೆ ಮತ್ತು ಸ್ತ್ರೀಭೋಗಗಳ ಸಾಲಿನಲ್ಲೇ. ಗಂಧ, ಧೂಪಗಳು ದೇವರ ಷೋಡಶೋಪಚಾರದಲ್ಲೂ ಇವೆ. ದೇವರಿಗೆ ಸಲ್ಲುವುದು ದೊರೆಗೂ ಸಲ್ಲುತ್ತದೆ. ಪೂಜೆಗೆ ಒದಗಿದ್ದು ಪ್ರಣಯಕ್ಕೂ ಒದಗುತ್ತದೆ.

ನಿತ್ಯದ ಬಳಕೆಯೂ ಇದನ್ನೇ ಹೇಳುತ್ತದೆ. ಪರ್ಫ್ಯೂಮಿನ ಸಾಮಗ್ರಿಗಳಲ್ಲಿ ತೀರ ಪ್ರಾಣಿಸಹಜವಾದ ವಾಸನೆ ಪುನುಗಿನದು. ಬೆಕ್ಕಿನಂಥ ಒಂದು ಕಾಡುಪ್ರಾಣಿಯ ಗ್ರಂಥಿಯಿಂದ ಬರುವ ಅದು ಹಸಿಯಾಗಿದ್ದಾಗ ಮಲದ ನಾತವನ್ನೇ ಹೋಲುತ್ತದೆ, ಬಹಳ ತೆಳುವಾಗಿಸಿದಾಗ ಬೆಚ್ಚಗಿನ ಕಂಪಾಗುತ್ತದೆ. ಜಿಕಿಯನ್ನು ‘ಮಾದಕ’ವಾಗಿಸಿದ್ದು ಅದೇ. ತಿರುಮಲೆಯ ವೆಂಕಟೇಶ್ವರನ ಮೂರ್ತಿಗೆ ಲೇಪಿಸುವುದೂ ಅದೇ ಪುನುಗಿನ ತೈಲ. ಕರ್ನಾಟಕದ ಮನೆಗಳಲ್ಲಿ ಬಾಣಂತಿಗೂ ಕೂಸಿಗೂ ಎಣ್ಣೆ-ನೀರು ಆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ತಲೆಗೂದಲಿಗೆ ಹೊಗೆ ಹಿಡಿಯುತ್ತಾರೆ. ಪ್ಯಾರಿಸ್ಸಿನಲ್ಲಿ ಕಾಮದ ಸಂಕೇತವಾದ ರಾಳದ ಸಿಹಿ ಇಲ್ಲಿ ಎಳೆಗೂಸಿನ ನೆತ್ತಿಯ ವಾಸನೆ. ಇನ್ನು ಪಚ್ಚೆತೆನೆ. ಹತ್ತೊಂಬತ್ತನೆಯ ಶತಮಾನದಲ್ಲಿ ನುಸಿ ತಡೆಯಲೆಂದು ಕಾಶ್ಮೀರದ ಶಾಲುಗಳ ನಡುವೆ ಇಟ್ಟು ಕಳಿಸಿದ ಅದರ ಎಲೆಗಳ ವಾಸನೆ ಯೂರೋಪಿನವರಿಗೆ ವಿಲಾಸದ ಗುರುತಾಯಿತು. ಇಲ್ಲಿ ಅದು ಹೂವಿನ ಮಾಲೆಯಲ್ಲಿ ಮರುಗ, ದವನಗಳ ಜೊತೆ ಸೇರುವ ಪತ್ರೆ. ದ್ರವ್ಯದೊಳಗೇ ಶೃಂಗಾರ ಅಡಗಿದ್ದರೆ ಊರಿಂದೂರಿಗೆ ಅದರ ಅರ್ಥ ಹೀಗೆ ಬದಲಾಗುತ್ತಿರಲಿಲ್ಲ.

ಹಾಗೆಂದು ಶೃಂಗಾರವೆಲ್ಲ ಬರೀ ಕಲ್ಪನೆ ಎನ್ನುವುದೂ ತಪ್ಪಾಗುತ್ತದೆ. ಹೊಗೆಗಂಪಿಗೆ ಮಲ್ಲಿಗೆಗೂ ನಿಂಬೆಗೂ ಇಲ್ಲದ ಒಂದು ಭೌತಿಕ ಗುಣವಿದೆ. ಹಗುರವಾದ ಅಣುಗಳು ಬೇಗ ಆವಿಯಾಗಿ ಕೋಣೆಯ ತುಂಬ ಹರಡುತ್ತವೆ. ಬೆರ್ಗಮಾಟಿನ ಚುರುಕು ಅರ್ಧ ಗಂಟೆ ನಿಂತರೆ ಹೆಚ್ಚು. ರಾಳ, ಗಂಧ, ಪಚ್ಚೆತೆನೆ, ವೆನಿಲಿನ್‌ಗಳ ಅಣುಗಳು ನಿಧಾನವಾಗಿ ಆವಿಯಾಗುತ್ತವೆ. ಅವು ಮೈಗೂ ಬಟ್ಟೆಗೂ ಅಂಟಿಕೊಂಡು ಮೈಯ ಬಿಸಿಗೆ ಸ್ವಲ್ಪ ಸ್ವಲ್ಪವೇ ಗಾಳಿಗೆ ಬಿಡುಗಡೆಯಾಗುತ್ತವೆ. ಹೊತ್ತು ಕಳೆದಂತೆ ಸುಗಂಧದ ಸುತ್ತಳತೆ ಕುಗ್ಗುತ್ತದೆ. ಬೆಳಗ್ಗೆ ನಾಲ್ಕು ಮಾರು ದೂರದವರಿಗೂ ತಿಳಿದದ್ದು ಸಂಜೆ ಪಕ್ಕದಲ್ಲಿ ಕುಳಿತವರಿಗೆ ಮಾತ್ರ ತಿಳಿಯುತ್ತದೆ, ರಾತ್ರಿ ತೋಳಳತೆಯೊಳಗೆ ಬಂದವರಿಗೆ ಮಾತ್ರ. ಈ ಸುಗಂಧದ ಸಾರವಿರುವುದು ಕೊನೆಯ ಹಂತದಲ್ಲಿ. ಆ ಹಂತ ತಲುಪುವುದು ಹತ್ತಿರದವರನ್ನು ಮಾತ್ರ. ಅದನ್ನು ಶೃಂಗಾರಮಯ ಎನ್ನಲು ನಿಜವಾದ ಕಾರಣ ಇದು. ಶೃಂಗಾರ ಒಂದು ವಸ್ತುವಿನ ಗುಣವಲ್ಲ, ಇಬ್ಬರ ನಡುವಿನ ದೂರದ ಗುಣ. ಗುಡಿಯಲ್ಲಿ ಧೂಪದ ಹೊಗೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತದೆ, ಆದ್ದರಿಂದ ಅಲ್ಲಿ ಅದು ಸಾಮೂಹಿಕ ಭಕ್ತಿಯ ವಾಸನೆ. ಅದೇ ರಾಳ ಮೈಗೆ ಅಂಟಿ ಕೆಲವರಿಗಷ್ಟೇ ತಿಳಿದಾಗ ಆಪ್ತತೆಯ ವಾಸನೆಯಾಗುತ್ತದೆ.

ತತ್ತ್ವಜ್ಞಾನಿ ಕಾಂಟ್ ಎತ್ತಿದ ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಸಿಗುತ್ತದೆ. ಸುಗಂಧ ಪೂಸಿದ ಕರವಸ್ತ್ರವನ್ನು ಜೇಬಿನಿಂದ ತೆಗೆದವನು ಸುತ್ತಲಿನವರೆಲ್ಲ ಅದನ್ನು ಅನುಭವಿಸಲೇಬೇಕಾದ ಸ್ಥಿತಿಗೆ ತರುತ್ತಾನೆ ಎಂದು 1790ರ ತನ್ನ ಗ್ರಂಥದಲ್ಲಿ ಕಾಂಟ್ ದೂರಿದ. ಕಣ್ಣು ಮುಚ್ಚಬಹುದು, ಮುಖ ತಿರುಗಿಸಬಹುದು. ಉಸಿರು ಬಿಗಿಹಿಡಿದು ಬದುಕಲಾಗದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ತಾಕುವುದು ಪ್ರಮಾಣಕ್ಕೆ, ಸುಗಂಧಕ್ಕಲ್ಲ. ಹತ್ತಿರದವರಿಗೆಂದೇ ಇರುವ ಕಂಪನ್ನು ಬಸ್ಸಿನ ತುಂಬ ಹರಡುವಷ್ಟು ಸುರಿದುಕೊಂಡರೆ ಅನ್ಯರ ಸ್ವಾತಂತ್ರ್ಯಕ್ಕೆ ಧಕ್ಕೆ ಬರುವುದಲ್ಲದೆ ಆ ಕಂಪಿನ ಶೃಂಗಾರವೂ ಹಾಳಾಗುತ್ತದೆ. ಇಲ್ಲಿ ಸೌಜನ್ಯ ಮತ್ತು ರಸಿಕತೆ ಒಂದೇ ನಿಯಮಕ್ಕೆ ಒಳಪಟ್ಟಿವೆ.

ಆ ನಿಯಮ ಪಾಲಿಸುವುದು ಸುಲಭವಲ್ಲ. ಮೂಗು ಎಡೆಬಿಡದ ವಾಸನೆಗೆ ಬೇಗ ಒಗ್ಗಿಹೋಗುತ್ತದೆ. ಹಚ್ಚಿಕೊಂಡವರಿಗೆ ಸ್ವಲ್ಪ ಹೊತ್ತಿನಲ್ಲೇ ತಮ್ಮ ಸುಗಂಧ ಕಾಣೆಯಾದಂತೆ ತೋರುತ್ತದೆ, ಎದುರಿನವರಿಗೆ ಅದು ಘಾಟಾಗಿಯೇ ಇರುತ್ತದೆ. ಹಾಗಾಗಿ ಅಳತೆಯನ್ನು ಮೂಗಿಗೆ ಬಿಡದೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಗಾಢ ಸುಗಂಧಕ್ಕೆ ಕತ್ತಿನ ಬುಡದಲ್ಲೋ ಮಣಿಕಟ್ಟಿನಲ್ಲೋ ಒಂದೆರಡು ಸಿಂಪಡಿಕೆ ಸಾಕು. ಅತ್ತರಾದರೆ ಕಿವಿಯ ಮಡಿಕೆಯಲ್ಲಿ ಇಡುವ ಹತ್ತಿಯ ಚೂರು ತಲೆಮಾರುಗಳಿಂದ ಬಂದ ಅಳತೆ. ಮಣಿಕಟ್ಟು ತಿಕ್ಕಿದರೆ ಅಣುಗಳು ಒಡೆಯುತ್ತವೆ ಎಂಬ ನಂಬಿಕೆಗೆ ಆಧಾರವಿಲ್ಲ. ತಿಕ್ಕಿದ ಬಿಸಿಗೆ ಮೇಲುಗಂಪು ಬೇಗ ಆರುತ್ತದೆ, ಅಷ್ಟೆ. ಒಣ ಚರ್ಮಕ್ಕಿಂತ ಎಣ್ಣೆಯಂಶವಿರುವ ಚರ್ಮದಲ್ಲಿ ಸುಗಂಧ ಹೆಚ್ಚು ಹೊತ್ತು ನಿಲ್ಲುತ್ತದೆ. ಬಿಸಿಲು ಆವಿಯಾಗುವ ವೇಗವನ್ನು ಹೆಚ್ಚಿಸುವುದರಿಂದ ಕರಾವಳಿಯ ಮಧ್ಯಾಹ್ನದಲ್ಲಿ ಉಸಿರು ಕಟ್ಟಿಸುವ ರಾಳ, ಮಲೆನಾಡಿನ ಚಳಿಯ ಸಂಜೆಯಲ್ಲಿ ಹಿತವಾಗಿರುತ್ತದೆ. ಬೇಸಿಗೆಗೆ ಲಾವಂಚ, ಚಳಿಗಾಲಕ್ಕೆ ಮಸಾಲೆಯ ಕಾವಿರುವ ಶಮಾಮ ಎಂಬ ಉತ್ತರ ಭಾರತದ ಅತ್ತರಿನ ಪದ್ಧತಿ ಹುಟ್ಟಿದ್ದು ಇದೇ ತಿಳಿವಳಿಕೆಯಿಂದ.

ಆಸ್ವಾದನೆಯ ಮಾತಿಗೆ ಬಂದರೆ ಹೆಗೆಲ್‌ನ ವಾದವನ್ನು ಪರಿಶೀಲಿಸಬೇಕಾಗುತ್ತದೆ. ಮೂಸಿದ ಅಣು ಅಳಿಯುವುದು ನಿಜ, ಆದರೆ ರಚನೆ ಅಳಿಯುವುದಿಲ್ಲ. ಸೂತ್ರ ಉಳಿಯುತ್ತದೆ, ಅದರಿಂದ ಅದೇ ಕಂಪು ಮತ್ತೆ ಮತ್ತೆ ಮೂಡುತ್ತದೆ. ಆ ಸೂತ್ರ ಲೆಕ್ಕಾಚಾರದ ಕೆಲಸ ಎಂಬ ಅರಿವು ಆರನೆಯ ಶತಮಾನದ ವರಾಹಮಿಹಿರನಿಗೆ ಚೆನ್ನಾಗಿತ್ತು. ‘ಬೃಹತ್ಸಂಹಿತೆ’ಯ ಗಂಧಯುಕ್ತಿ ಅಧ್ಯಾಯದಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1820 ಕೂಟಗಳಾಗುತ್ತವೆ ಎಂದು ಅವನು ಗಣಿಸಿದ್ದಾನೆ. ಮೂಗು ವಿವೇಚಿಸಲಾರದು, ಅದಕ್ಕೆ ಭಾಷೆಯಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಮಲಯ ಪರ್ಯಾಯ ದ್ವೀಪದ ಜಹಾಯ್ ಜನ ಬಣ್ಣಗಳನ್ನು ಹೆಸರಿಸುವಷ್ಟೇ ಸಲೀಸಾಗಿ ವಾಸನೆಗಳನ್ನು ಹೆಸರಿಸುತ್ತಾರೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕೊರತೆ ಇರುವುದು ಅಭ್ಯಾಸದಲ್ಲಿ. ಕಮಟು, ಮುಗ್ಗು, ಸೀದದ್ದು, ಘಾಟು ಎಂದು ಬಿಡಿಸಿ ಹೇಳಬಲ್ಲ ಅಡುಗೆಮನೆಯ ಮೂಗು ಪರ್ಫ್ಯೂಮಿನಲ್ಲೂ ಸುಟ್ಟ ಮರದ ಹೊಗೆ ಯಾವುದು, ರಾಳದ ಹೊಗೆ ಯಾವುದು, ಹದಮಾಡಿದ ಚರ್ಮ ಯಾವುದು ಎಂದು ಕಲಿಯಬಲ್ಲದು. ಅಂಗಡಿಯ ಕಾಗದದ ಪಟ್ಟಿಯ ಮೇಲೆ ಎರಡು ಕ್ಷಣ ಮೂಸಿ ತೀರ್ಮಾನಿಸುವವರಿಗೆ ಸಿಗುವುದು ಬೆರ್ಗಮಾಟ್ ಮಾತ್ರ. ಈ ವರ್ಗದ ಸುಗಂಧವನ್ನು ಅರಿಯಬೇಕಾದರೆ ಮೈಮೇಲೆ ಹಚ್ಚಿ ಅರ್ಧ ದಿನವಾದರೂ ಕಾಯಬೇಕು.

ಪ್ರಮಾಣದ ಪ್ರಶ್ನೆ ಮೈಯಾಚೆಗೂ ಇದೆ. ಮೊದಲನೆಯ ಮಹಾಯುದ್ಧದಿಂದ ಯೂರೋಪಿಗೆ ಗಂಧದ ಮರದ ಸಾಗಣೆ ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಎಣ್ಣೆ ತೆಗೆಯಲು ತೊಡಗಿತು. ಆ ಎಣ್ಣೆ ಜಗತ್ತಿನ ಸುಗಂಧಗಳಿಗೆ ಆಧಾರವಾಯಿತು. ಮುಂದೆ ಕಳ್ಳಸಾಗಣೆ, ಅತಿಯಾದ ಕಡಿತಗಳಿಂದ ಕಾಡಿನ ಶ್ರೀಗಂಧ ವಿರಳವಾಯಿತು. ಗಾಯವಾದ, ಶಿಲೀಂಧ್ರ ತಗುಲಿದ ಮರದಲ್ಲಿ ಕಟ್ಟುವ ಅಗರಿನ ರಾಳಕ್ಕಾಗಿ ಮರಗಳನ್ನು ಕಡಿದದ್ದರಿಂದ ಅದರ ವ್ಯಾಪಾರಕ್ಕೆ 1995ರಿಂದ ಅಂತರರಾಷ್ಟ್ರೀಯ ನಿರ್ಬಂಧ ಬಂದಿದೆ. ಪುನುಗಿನ ಬೆಕ್ಕನ್ನು ಪಂಜರದಲ್ಲಿಟ್ಟು ಪಡುವ ಸುಖ ಪ್ಲೇಟೋ ಹೇಳಿದ ನೋವಿಲ್ಲದ ಸುಖವಾಗದು. ಅಲ್ಲಿ ನೋವು ಇನ್ನೊಂದು ಜೀವಿಯ ಪಾಲಿಗೆ ಹೋಗಿರುತ್ತದೆ. ಹಾಗಾಗಿ ಪ್ರಯೋಗಾಲಯದ ಅಣುವನ್ನು ನಕಲಿ ಎಂದು ಹಳಿಯುವುದರಲ್ಲಿ ಅರ್ಥವಿಲ್ಲ. ಈ ವರ್ಗ ಹುಟ್ಟಿದ್ದೇ ಕೃತಕ ವೆನಿಲಿನ್‌ನಿಂದ.

ಒಟ್ಟಿನಲ್ಲಿ ಹೊಗೆಗಂಪಿನ ಸುಗಂಧ ತನ್ನಷ್ಟಕ್ಕೆ ಪವಿತ್ರವೂ ಅಲ್ಲ, ಕಾಮುಕವೂ ಅಲ್ಲ. ಬೂದಿ, ರಾಳ, ಮೈಬಿಸಿಗಳ ನಡುವೆ ಹದವಾದ ಒಂದು ರಚನೆ ಅದು. ಯಾರಿಗೆ, ಎಷ್ಟು ದೂರದಿಂದ, ಎಷ್ಟು ಹೊತ್ತು ತಿಳಿಯಬೇಕು ಎಂಬ ನಿರ್ಧಾರ ಅದಕ್ಕೆ ಅರ್ಥ ಕೊಡುತ್ತದೆ. ಆ ನಿರ್ಧಾರಕ್ಕೆ ಬುದ್ಧಿಯೂ ಬೇಕು, ಪರರ ಬಗ್ಗೆ ಗಮನವೂ ಬೇಕು. ಇವೆರಡನ್ನೂ ಬೇಡುವ ಸುಖವನ್ನು ಕೀಳು ಇಂದ್ರಿಯದ ಸುಖವೆಂದು ಬದಿಗೆ ಸರಿಸಲು ಕಾರಣವಿಲ್ಲ.