ಜಾಜಿಯ ಬಳ್ಳಿಯೂ ದಯೆಯೂ

ಹಿತ್ತಿಲಿನ ಜಾಜಿಯ ಬಳ್ಳಿಯನ್ನು ಸವರುವುದು ದಯಾಧರ್ಮಕ್ಕೆ ವಿರುದ್ಧವಲ್ಲವೇ ಎಂದು ಕೆಲವು ಗೃಹಸ್ಥರು ಶಂಕಿಸುವುದುಂಟು. ಶಂಕೆಯು ಆದರಣೀಯವೇ, ಜೀವವನ್ನು ನೋಯಿಸಲು ಅಳುಕುವ ಕೈ ಅಳುಕದ ಕೈಗಿಂತ ಮೇಲು. ಆದರೆ ಅಂಕೆಯಿಲ್ಲದೆ ಬಿಟ್ಟ ಜಾಜಿಯು ಚಪ್ಪರವನ್ನು ದಾಟಿ ಪಕ್ಕದ ಸೀಬೆಯ ಗಿಡವನ್ನು ಮುಸುಕುವುದು. ಬಿಸಿಲು ಕಾಣದ ಸೀಬೆಯ ಕೊಂಬೆಗಳು ಒಣಗುವುವು. ಬಳ್ಳಿಯ ಮೇಲಿನ ಕನಿಕರಕ್ಕೆ ಬೆಲೆ ತೆತ್ತುದು ಸೀಬೆ! ಜಾಜಿಗಾದರೂ ಲಾಭವೇನು? ಅದು ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕಡ್ಡಿಗಳು ಹೆಣೆದುಕೊಂಡಷ್ಟೂ ಒಳಗೆ ಗಾಳಿ ಬೆಳಕುಗಳಿಲ್ಲದೆ ಮೊಗ್ಗು ಕ್ಷೀಣಿಸುವುದು. ಆದುದರಿಂದಲೇ ಬೆಳೆಗಾರರು ವರ್ಷಕ್ಕೊಮ್ಮೆ, ಪುಷ್ಯಮಾಸದ ಚಳಿಯಲ್ಲಿ, ಒಣಗಿದ ಹಾಗೂ ರೋಗ ಹಿಡಿದ ಕಡ್ಡಿಗಳನ್ನು ಮೊದಲು ತೆಗೆದು, ಉಳಿದುದನ್ನು ಗಿಡ್ಡವಾಗಿ ಸವರಿ, ಬುಡಕ್ಕೆ ಗೊಬ್ಬರವಿಡುವರು. ಗೊಬ್ಬರವಿಡದೆ ಸವರುವವನ ವಿಷಯ ಬೇರೆ. ಅವನದು ಬೇಸರವೇ ಹೊರತು ಆರೈಕೆಯಲ್ಲ. ಸವರಿದುದರಲ್ಲಿ ಆರೋಗ್ಯವಾದ ಕಡ್ಡಿಗಳನ್ನು ಎಸೆಯಬೇಕಾಗಿಯೂ ಇಲ್ಲ. ತೇವದ ಮಣ್ಣಿನಲ್ಲಿ ನೆಟ್ಟರೆ ಬೇರೂರಿ ನೆರೆಮನೆಯ ಚಪ್ಪರಕ್ಕೆ ಆದಾವು.