ಕೊಲ್ಲದವನನ್ನು ಕೊಲ್ಲಬಹುದೆ?

ಮಹಾಭಾರತದ ಶಾಂತಿಪರ್ವದಲ್ಲಿ ದ್ಯುಮತ್ಸೇನನಿಗೂ ಅವನ ಮಗ ಸತ್ಯವಾನನಿಗೂ ನಡೆದ ವಾದವೊಂದನ್ನು ಭೀಷ್ಮ ಧರ್ಮರಾಯನಿಗೆ ಹೇಳುತ್ತಾನೆ. ಸಾವಿತ್ರಿಯ ಗಂಡನೆಂದಷ್ಟೇ ನಮಗೆ ಗೊತ್ತಿರುವ ಸತ್ಯವಾನ ಇಲ್ಲಿ ರಾಜದಂಡವನ್ನೇ ಪ್ರಶ್ನಿಸುತ್ತಾನೆ. ತಂದೆಯ ಆಜ್ಞೆಯಂತೆ ವಧೆಗೆ ಒಯ್ಯುತ್ತಿದ್ದವರನ್ನು ಕಂಡು, ಕೊಲ್ಲುವುದು ಧರ್ಮವಾಗಲಾರದು, ಒಬ್ಬ ದಸ್ಯುವನ್ನು ಕೊಂದರೆ ತಪ್ಪೇ ಮಾಡದ ಅವನ ತಾಯಿ, ತಂದೆ, ಹೆಂಡತಿ, ಮಕ್ಕಳನ್ನೂ ಕೊಂದಂತೆ ಎನ್ನುತ್ತಾನೆ. ತಂದೆಯ ಉತ್ತರವೂ ತಳ್ಳಿಹಾಕುವಂಥದ್ದಲ್ಲ: ಹಿಂದೆ ಜನರಿಗೆ ಛೀ ಎಂದರೆ ಸಾಕಿತ್ತು, ಆಮೇಲೆ ಬೈಗುಳ ಬೇಕಾಯಿತು, ಆಮೇಲೆ ಜುಲ್ಮಾನೆ, ಕಾಲ ಕೆಟ್ಟಿದೆ, ಈಗ ವಧೆಯೇ ಬೇಕು. ಲಂಚಕೋರರನ್ನು, ಕಲಬೆರಕೆ ಮಾಡುವವರನ್ನು, ಡ್ರಗ್ಸ್ ಸಾಗಿಸುವವರನ್ನು ಗಲ್ಲಿಗೇರಿಸಿ ಎಂದು ಇಂದು ಕೇಳಿಬರುವ ಕೂಗಿನ ಹಿಂದೆ ಇರುವುದೂ ಇದೇ ತರ್ಕ. ಆದರೆ ಯಾರ ಮೈಮೇಲೂ ಕೈ ಮಾಡದ ಅಪರಾಧಕ್ಕೆ ಪ್ರಾಣ ತೆಗೆಯುವ ಕಾನೂನು ನ್ಯಾಯದ ಕಾನೂನಾಗಲಾರದು. ಇದಕ್ಕೆ ದೊಡ್ಡ ಸಾಕ್ಷಿ ಅಂಥ ಕಾನೂನನ್ನು ಕೈಯಲ್ಲಿ ಹಿಡಿದವರ ನಡವಳಿಕೆಯಲ್ಲೇ ಸಿಗುತ್ತದೆ.

18ನೇ ಶತಮಾನದ ಇಂಗ್ಲೆಂಡಿನಲ್ಲಿ ಮನೆಯೊಳಗಿಂದ 40 ಶಿಲಿಂಗ್ ಬೆಲೆಯ ಮಾಲು ಕದ್ದವನಿಗೆ ಗಲ್ಲು ನಿಗದಿಯಾಗಿತ್ತು. ಜ್ಯೂರಿಯಲ್ಲಿ ಕೂತ ಜನ ಏನು ಮಾಡಿದರು? ಕಣ್ಣಿಗೆ ಕಾಣುವಷ್ಟು ಹೆಚ್ಚು ಬೆಲೆಯ ಮಾಲಿಗೂ 39 ಶಿಲಿಂಗ್ ಎಂದೇ ಬೆಲೆ ಕಟ್ಟಿದರು. ಪ್ರಮಾಣ ಮಾಡಿ ಕೂತವರು ಸುಳ್ಳು ಹೇಳಿ ಒಂದು ಜೀವ ಉಳಿಸಿದರು. ಇಂದಿನ ಸಿಂಗಪುರದಲ್ಲಿ 15 ಗ್ರಾಮಿಗಿಂತ ಹೆಚ್ಚು ಶುದ್ಧ ಹೆರಾಯಿನ್ ಸಾಗಿಸಿದವನಿಗೆ ಮರಣದಂಡನೆ. ಅಲ್ಲಿಯೂ ಎಷ್ಟೋ ಪ್ರಕರಣಗಳಲ್ಲಿ ಪ್ರಾಸಿಕ್ಯೂಷನ್ ಆರೋಪಪಟ್ಟಿಯಲ್ಲಿನ ತೂಕವನ್ನು 14.99 ಗ್ರಾಮಿಗೆ ಇಳಿಸುತ್ತದೆ. ವಿಯೆಟ್ನಾಂ ಇನ್ನೊಂದು ದಾರಿ ಹಿಡಿದಿತ್ತು: ಹಣ ದುರುಪಯೋಗಕ್ಕೆ ಮರಣದಂಡನೆಯಾದವನು ಮುಕ್ಕಾಲು ಪಾಲು ಹಣ ಹಿಂತಿರುಗಿಸಿದರೆ ಜೀವ ಉಳಿಯುತ್ತಿತ್ತು. ಇವೆಲ್ಲ ಕರುಣೆಯ ಮಾರ್ಗಗಳೇ, ನಿಜ. ಆದರೆ ಮೂಲದಲ್ಲೇ ಒಂದು ಹೊಂದಾಣಿಕೆಯಾಗದ ಲೆಕ್ಕವಿದೆ. ಕಳವು, ವಂಚನೆ, ಕಳ್ಳಸಾಗಣೆಗಳ ಹಾನಿ ರೂಪಾಯಿಯಲ್ಲಿ, ಗ್ರಾಮಿನಲ್ಲಿ ಅಳೆಯುವಂಥದ್ದು. ಅದು ಹೆಚ್ಚು ಕಡಿಮೆ ಆಗುತ್ತದೆ. ಜುಲ್ಮಾನೆ ಮತ್ತು ಸೆರೆವಾಸವನ್ನೂ ಅದಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬಹುದು. ಸಾವಿನಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ. ಹಾಗಾಗಿ ಎಲ್ಲೋ ಒಂದು ಗೆರೆ ಎಳೆಯಲೇಬೇಕು, ಆ ಗೆರೆಯ ಎರಡು ಬದಿಯಲ್ಲಿ ಕೂದಲೆಳೆಯ ಅಂತರದಲ್ಲಿ ನಿಂತ ಇಬ್ಬರಲ್ಲಿ ಒಬ್ಬ ಮನೆಗೆ ಮರಳುತ್ತಾನೆ, ಇನ್ನೊಬ್ಬ ಹೆಣವಾಗುತ್ತಾನೆ.

ಭಯವಿಲ್ಲದೆ ಅಪರಾಧ ನಿಲ್ಲುವುದೆ ಎಂಬುದು ದ್ಯುಮತ್ಸೇನನ ಕಾಲದಿಂದ ಬಂದ ಆಕ್ಷೇಪ. ಇದಕ್ಕೆ ಉತ್ತರ ಕೊಟ್ಟವರು ದಯಾಳುಗಳಲ್ಲ, ಬ್ಯಾಂಕಿನವರು. ಖೋಟಾ ದಸ್ತಾವೇಜಿನಿಂದ ನಷ್ಟ ಅನುಭವಿಸುತ್ತಿದ್ದ ಬ್ರಿಟನ್ನಿನ ಬ್ಯಾಂಕರುಗಳು ಆ ಅಪರಾಧಕ್ಕಿರುವ ಮರಣದಂಡನೆಯನ್ನು ತೆಗೆಯಿರಿ ಎಂದು 1830ರಲ್ಲಿ ಸಂಸತ್ತಿಗೆ ಅರ್ಜಿ ಹಾಕಿದರು. ಗಲ್ಲಾಗುತ್ತದೆಂದು ಗೊತ್ತಾದರೆ ಜ್ಯೂರಿ ತಪ್ಪಿತಸ್ಥನೆಂದು ಹೇಳಲು ಹಿಂಜರಿಯುತ್ತದೆ, ಖೋಟಾ ಮಾಡಿದವನು ಬಿಡುಗಡೆಯಾಗಿ ಹೋಗುತ್ತಾನೆ ಎಂಬುದು ಅವರ ಅಳಲು. ಶಿಕ್ಷೆ ಘೋರವಾದಷ್ಟೂ ಅದು ಆಗುವ ಖಾತ್ರಿ ಕಡಿಮೆ. ಸಿಕ್ಕಿಬೀಳುವ ಖಾತ್ರಿಗೆ ಕಳ್ಳ ಹೆದರುತ್ತಾನೆಯೇ ಹೊರತು ಕಾನೂನು ಪುಸ್ತಕದಲ್ಲಿ ಬರೆದ ಘೋರತೆಗಲ್ಲ. ಪ್ರಾಣ ತೆಗೆಯುವ ಶಿಕ್ಷೆಯ ವಿಷಯದಲ್ಲಿ ಯಾವ ಸಂಕೋಚವೂ ಇಲ್ಲದ ಚೀನಾ ಕೂಡ 2011ರಲ್ಲಿ 13 ಅಪರಾಧಗಳನ್ನು ಮರಣದಂಡನೆಯ ಪಟ್ಟಿಯಿಂದ ಕೈಬಿಟ್ಟಿತು; ಅವು ಹಿಂಸೆಯಿಲ್ಲದ, ಬಹುಮಟ್ಟಿಗೆ ಆರ್ಥಿಕ ಅಪರಾಧಗಳು. 2025ರಲ್ಲಿ ವಿಯೆಟ್ನಾಂ ಹಣ ದುರುಪಯೋಗ, ಲಂಚ, ಮಾದಕವಸ್ತು ಸಾಗಣೆಗಳನ್ನು ಆ ಪಟ್ಟಿಯಿಂದ ತೆಗೆಯಿತು.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಹೆರಾಯಿನ್ ಮಾರುವವನು ಚೂರಿ ಹಿಡಿಯದೆಯೇ ಎಷ್ಟೋ ಮನೆಗಳನ್ನು ಹಾಳುಮಾಡುತ್ತಾನೆ, ಅವನನ್ನು ಅಹಿಂಸಕ ಎನ್ನುವುದು ಹೇಗೆ? ಹಾನಿ ನಿಜ. ಆದರೆ ಸಿಕ್ಕಿಬೀಳುವವನು ಸಾಮಾನ್ಯವಾಗಿ ಸರಕಿನ ಒಡೆಯನಲ್ಲ, ಹೊರುವ ಕೂಲಿ. 2022ರ ಏಪ್ರಿಲ್‌ನಲ್ಲಿ ಸಿಂಗಪುರ ಗಲ್ಲಿಗೇರಿಸಿದ ಮಲೇಷ್ಯಾದ ನಾಗೇಂದ್ರನ್ ಧರ್ಮಲಿಂಗಂ ತೊಡೆಗೆ ಕಟ್ಟಿಕೊಂಡು ತಂದದ್ದು 42.72 ಗ್ರಾಂ ಹೆರಾಯಿನ್. ಅವನ ಐಕ್ಯೂ 69 ಎಂದು ಪರೀಕ್ಷೆಯಲ್ಲಿ ಕಂಡುಬಂದಿತ್ತು. ತಾನು ಮಾಡುತ್ತಿರುವುದೇನೆಂದು ಅವನಿಗೆ ಗೊತ್ತಿತ್ತು ಎಂದು ನ್ಯಾಯಾಲಯ ಹೇಳಿತು. ಗೊತ್ತಿತ್ತು ಎಂದೇ ಇಟ್ಟುಕೊಳ್ಳೋಣ. ಆದರೂ ಅವನ ಕೈಯಿಂದ ಒಬ್ಬನ ಸಾವಿನವರೆಗೆ ಇನ್ನೆಷ್ಟು ಕೈಗಳಿವೆ, ಸೇದುವವನ ಸ್ವಂತ ಕೈಯನ್ನೂ ಸೇರಿಸಿ! ಆ ಎಲ್ಲ ಕೈಗಳ ಪಾಪವನ್ನು ಸಿಕ್ಕವನೊಬ್ಬನ ಕುತ್ತಿಗೆಗೆ ಕಟ್ಟುವುದು ಕರ್ಮದ ಲೆಕ್ಕವೂ ಅಲ್ಲ, ನ್ಯಾಯದ ಲೆಕ್ಕವೂ ಅಲ್ಲ. ಕಣ್ಣಿಗೆ ಕಣ್ಣು ಎಂಬ ಹಳೆಯ ಕಠೋರ ನಿಯಮ ಕೂಡ ಕಣ್ಣಿಗೆ ಕಣ್ಣಿಗಿಂತ ಹೆಚ್ಚನ್ನು ಕೇಳುವುದಿಲ್ಲ. ಅದನ್ನು ಹೇಳುವ ಮೋಶೆಯ ಧರ್ಮಶಾಸ್ತ್ರದಲ್ಲಿ ದನ ಕದ್ದವನು ಕೊಡಬೇಕಾದದ್ದು ಹಲವು ಪಟ್ಟು ದನ, ಪ್ರಾಣವಲ್ಲ.

ನಮ್ಮ ಮನೆಯೂ ಚೊಕ್ಕಟವಿಲ್ಲ. ಮಾದಕವಸ್ತು ನಿಗ್ರಹ ಕಾಯ್ದೆಗೆ 1989ರಲ್ಲಿ ಸೇರಿದ 31ಎ ಕಲಂ, ಎರಡನೇ ಸಲ ತಪ್ಪಿತಸ್ಥನಾದವನಿಗೆ ಮರಣದಂಡನೆಯನ್ನು ಕಡ್ಡಾಯ ಮಾಡಿತ್ತು. ಅದರ ಕೋಷ್ಟಕದಲ್ಲೂ ತೂಕವೇ ಇದೆ, ಹೆರಾಯಿನ್ ಒಂದು ಕೆಜಿ, ಚರಸ್ 20 ಕೆಜಿ ಎಂದು. 2011ರಲ್ಲಿ ಬಾಂಬೆ ಹೈಕೋರ್ಟ್ ಈ ಕಡ್ಡಾಯವನ್ನು ಒಪ್ಪಲಿಲ್ಲ, 2014ರ ತಿದ್ದುಪಡಿ ಆಯ್ಕೆಯನ್ನು ನ್ಯಾಯಾಧೀಶರಿಗೆ ಬಿಟ್ಟಿತು. ಗಲ್ಲು ಮಾತ್ರ ಪುಸ್ತಕದಲ್ಲಿ ಉಳಿದಿದೆ. ಶಿಕ್ಷೆಯೇ ಬೇಡ ಎಂದು ಸತ್ಯವಾನನೂ ಹೇಳಲಿಲ್ಲ. ಕೊಲ್ಲದೆ ದಂಡಿಸು ಎಂದ. ಹಾಗೆ ದಂಡಿಸುವ ದಾರಿ ಈ ಕಾಯ್ದೆಯಲ್ಲೇ ಇದೆ. ಎರಡನೇ ಸಲದ ಅಪರಾಧಕ್ಕೆ 31ನೇ ಕಲಂ 30 ವರ್ಷದವರೆಗೆ ಸೆರೆವಾಸ ಕೊಡುತ್ತದೆ, ಡ್ರಗ್ಸ್ ಹಣದಲ್ಲಿ ಗಳಿಸಿದ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವೂ ಸರ್ಕಾರಕ್ಕಿದೆ. ಸಮಾಜದ ರಕ್ಷಣೆಗೆ ಇಷ್ಟು ಸಾಲುವುದಾದರೆ ಉಳಿದ ಗಲ್ಲು ರಕ್ಷಣೆಗಲ್ಲ, ನಮ್ಮ ಸಿಟ್ಟಿಗೆ. ಸಂಸತ್ತು 31ಎ ಕಲಮನ್ನು ತೆಗೆದುಹಾಕಬೇಕು.